ಪುಷ್ಯ ಮಳೆಯಲ್ಲಿ ಮಲ್ಹಾರ, ಅಡಿಕೆ ಚಪ್ಪರದಲ್ಲಿ ಮಾಲಕಂಸ: ಒಂದು ಸಂಗೀತ ಬಳಗದ ಎರಡು ವರ್ಷ

ಶಿರಸಿ ಹತ್ತಿರದ ಒಂದು ಹಳ್ಳಿಯ ಸಂಗೀತ ಬಳಗದಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾವ ಋತುವಿಗೆ, ಯಾವ ಹಬ್ಬಕ್ಕೆ ಯಾವ ಸಂಗೀತ ಇಡಬೇಕು ಅಂತ ಕೂತು ಯೋಚಿಸುವ ಬಳಗಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ನಾವು ಎಲ್ಲಿ ಎಡವಿದೆವು, ಎಲ್ಲಿ ದಾರಿ ಬದಲಿಸಿದೆವು ಅನ್ನುವುದು ಅವರಿಗೆ ಉಪಯೋಗಕ್ಕೆ ಬರಲಿ ಅಂತ ಈ ಬರಹ.

ಹಿನ್ನೆಲೆ

ನಮ್ಮದು ಸಣ್ಣ ಬಳಗ. ಅರ್ಧ ಜನ ಘಟ್ಟದ ಮೇಲಿನವರು, ಉಳಿದವರು ಕುಮಟಾ ಕಡೆಯವರು. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ನಡುವೆ ದೇವಿಮನೆ ಘಟ್ಟ. ಈ ಕಡೆ ಹಿಂದೂಸ್ತಾನಿ ಸಂಗೀತ ಹೊಸದೇನಲ್ಲ. ಬಸವರಾಜ ರಾಜಗುರು ಅವರ ಹತ್ತಿರ ಕಲಿತ ಗಣಪತಿ ಭಟ್ಟ ಹಾಸಣಗಿ, ಪರಮೇಶ್ವರ ಹೆಗಡೆ ಇಬ್ಬರೂ ಈ ಜಿಲ್ಲೆಯವರೇ. ಯಕ್ಷಗಾನದ ಭಾಗವತಿಕೆ ಕೇಳಿ ಬೆಳೆದ ಕಿವಿಗೆ ರಾಗ ಅನ್ನುವುದು ಪರಿಚಯದ ವಸ್ತು. ಹೆಸರು ಗೊತ್ತಿರಲಿಕ್ಕಿಲ್ಲ, ಚಹರೆ ಗೊತ್ತಿರುತ್ತದೆ.

ಬಳಗ ಕಟ್ಟಿದವರು ಒಬ್ಬ ಶಾಲಾ ಮಾಸ್ತರು. ಅವರಿದ್ದಾಗ ತಿಂಗಳಿಗೊಂದು ಬೈಠಕ್, ಅಂದರೆ ಕೂತು ಕೇಳುವ ಸಣ್ಣ ಕಛೇರಿ, ತಪ್ಪುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಕಲಾವಿದರನ್ನು ಗೊತ್ತು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಆಮೇಲೆ ಬರುವವರ ಸಂಖ್ಯೆ ಕಮ್ಮಿ ಆಗುತ್ತ ಹೋಯಿತು. ಒಂದು ತಿಂಗಳು 40 ಜನ, ಮುಂದಿನ ತಿಂಗಳು 22. ಜನರಿಗೆ ಸಂಗೀತ ಬೇಡವಾಯಿತೇನೋ ಅಂತ ನಾವು ಮಾತಾಡಿಕೊಂಡೆವು. ಆ ತೀರ್ಮಾನ ತಪ್ಪಾಗಿತ್ತು. ತಪ್ಪು ಅಂತ ಗೊತ್ತಾಗಲು ಒಂದು ವರ್ಷ ಹಿಡಿಯಿತು.

ತಿಂಗಳ ಬೈಠಕ್ ನಿಲ್ಲಿಸಿ, ವರ್ಷಕ್ಕೆ ಆರೇ ಕಾರ್ಯಕ್ರಮ ಮಾಡೋಣ ಅಂತ ನಿರ್ಧಾರ ಮಾಡಿದೆವು. ಆರು ಋತು, ಆರು ಬೈಠಕ್. ಆಯಾ ಋತುವಿನ ರಾಗ. ಇದಕ್ಕೆ ಆಧಾರವೂ ಇತ್ತು. ಹಳೆಯ ಒಂದು ಮತದಲ್ಲಿ ಆರು ರಾಗಗಳಿಗೆ ಆರು ಋತುಗಳನ್ನು ಹಂಚಿದ್ದಾರೆ. ವಸಂತಕ್ಕೆ ಹಿಂದೋಲ, ಗ್ರೀಷ್ಮಕ್ಕೆ ದೀಪಕ, ವರ್ಷಕ್ಕೆ ಮೇಘ, ಶರತ್ತಿಗೆ ಭೈರವ, ಹೇಮಂತಕ್ಕೆ ಶ್ರೀ, ಶಿಶಿರಕ್ಕೆ ಮಾಲಕಂಸ. ಈಗಿನ ಕಛೇರಿಗಳಲ್ಲಿ ಇದು ಹೀಗೇ ನಡೆಯುವುದಿಲ್ಲ. ಆದರೆ ಮಳೆಗಾಲಕ್ಕೆ ಮಲ್ಹಾರದ ಬಗೆಗಳು, ವಸಂತಕ್ಕೆ ಬಸಂತ್, ಬಹಾರ್ ಅನ್ನುವ ರೂಢಿ ಗಟ್ಟಿಯಾಗಿ ಉಳಿದಿದೆ. ಋತುವಿನ ರಾಗಗಳಿಗೆ ಒಂದು ಸಲೀಸೂ ಇದೆ. ಬೇರೆ ರಾಗಗಳ ಹಾಗೆ ಅವುಗಳನ್ನು ದಿನದ ಇಂಥ ಯಾಮದಲ್ಲೇ ಹಾಡಬೇಕು ಅಂತಿಲ್ಲ. ಋತು ಬಂದಿದ್ದರೆ ಯಾವ ಹೊತ್ತಿಗೂ ಆದೀತು. ಬಸಂತ್ ರಾತ್ರಿಯ ಕೊನೆಯ ಯಾಮದ ರಾಗ. ವಸಂತದಲ್ಲಿ ಅದನ್ನು ಸಂಜೆ ಆರಕ್ಕೆ ಹಾಡಿದರೂ ಯಾರೂ ತಕರಾರು ಮಾಡುವುದಿಲ್ಲ.

ಕುಮಾರ ಗಂಧರ್ವರ ಉದಾಹರಣೆಯೂ ಕಣ್ಣ ಮುಂದಿತ್ತು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿ, ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದವರು. ಗೀತ ವರ್ಷಾ, ಗೀತ ಹೇಮಂತ, ಗೀತ ವಸಂತ ಅಂತ ಇಡೀ ಕಛೇರಿಯನ್ನೇ ಒಂದು ಋತುವಿನ ಸುತ್ತ ಕಟ್ಟಿದರು. ಅಲ್ಲಿ ಮಾಳವದ ಜನರ ಹಾಡು, ರಾಗ, ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಎಲ್ಲ ಒಟ್ಟಿಗೆ ಬರುತ್ತಿದ್ದವು. ಅವರು ತಾವು ಬದುಕುತ್ತಿದ್ದ ನೆಲದ ಹಾಡನ್ನು ಕಿವಿಗೊಟ್ಟು ಕೇಳಿ, ಅದರಿಂದ ಋತುವನ್ನು ಹಿಡಿದವರು. ನಾವು ಮೊದಲ ವರ್ಷ ಅವರ ಕಛೇರಿಯ ಮಾದರಿಯನ್ನು ತೆಗೆದುಕೊಂಡೆವು. ಅವರು ನೆಲಕ್ಕೆ ಕಿವಿಗೊಟ್ಟಿದ್ದನ್ನು ಗಮನಿಸಲಿಲ್ಲ.

ಮಲ್ಹಾರದ ಸಂಜೆ

ಮೊದಲ ವರ್ಷದ ವರ್ಷಋತು ಬೈಠಕ್ಕನ್ನು ಜುಲೈ ಕೊನೆಯ ಶನಿವಾರ ಇಟ್ಟೆವು. ಪುಷ್ಯ ಮಳೆ ನಡೆಯುತ್ತಿತ್ತು. ಹುಬ್ಬಳ್ಳಿಯಿಂದ ಒಬ್ಬ ಗಾಯಕಿ ಬಂದಿದ್ದರು. ಮಿಯಾಂ ಮಲ್ಹಾರ್ ಹಾಡಬೇಕು ಅಂತ ನಾನೇ ಕೇಳಿಕೊಂಡಿದ್ದೆ. ದೇವಸ್ಥಾನದ ಪಕ್ಕದ ಸಭಾಭವನದಲ್ಲಿ 60 ಕುರ್ಚಿ ಹಾಕಿದ್ದೆವು. 19 ಜನ ಬಂದರು.

ಸಭಾಭವನದ ಮಾಡಿಗೆ ತಗಡಿನ ಶೀಟು. ಸಂಜೆ ಆರೂವರೆಗೆ ಮಳೆ ಜೋರಾಯಿತು. ಮಿಯಾಂ ಮಲ್ಹಾರದ ಜೀವ ಇರುವುದು ಮಂದ್ರದಲ್ಲಿ. ಕೆಳಗಿನ ಸಪ್ತಕದಲ್ಲಿ ಎರಡೂ ನಿಷಾದಗಳನ್ನು ಮುಟ್ಟಿ ಷಡ್ಜಕ್ಕೆ ಏರುವ ಜಾಗ, ಕೋಮಲ ಗಾಂಧಾರವನ್ನು ಮೆಲ್ಲಗೆ ತೂಗುವ ಜಾಗ. ಆ ಸೂಕ್ಷ್ಮಗಳನ್ನೆಲ್ಲ ತಗಡಿನ ಮೇಲಿನ ಸದ್ದು ನುಂಗಿತು. ಆಲಾಪದ ಅರ್ಧಕ್ಕೇ ಕರೆಂಟು ಹೋಯಿತು. ಮೈಕೂ ಇಲ್ಲವಾಯಿತು. ಥಂಡಿಗೆ ತಬಲಾದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತಲೇ ಇತ್ತು. ತಬಲಾ ಹುಡುಗ ಹತ್ತು ನಿಮಿಷಕ್ಕೊಮ್ಮೆ ಸುತ್ತಿಗೆ ಹಿಡಿಯಬೇಕಾಯಿತು. ಗಾಯಕಿ ಒಂದು ಮಾತೂ ಬೇಸರದಿಂದ ಆಡಲಿಲ್ಲ. ಮೂರು ಲಾಟೀನು ಇಟ್ಟುಕೊಂಡು ಒಂದೂಕಾಲು ಗಂಟೆ ಹಾಡಿದರು. ಮುಂದಿನ ಸಾಲಿನ ಐದಾರು ಜನರಿಗೆ ಕೇಳಿತು.

ಜಾಗ ಸರಿ ಇರಲಿಲ್ಲ, ಅಷ್ಟೇ ಅಂತ ನಾನು ಅಂದುಕೊಂಡೆ. ಹಂಚಿನ ಮಾಡಿನ ಮನೆಯಲ್ಲಿ ಮಾಡಿದ್ದರೆ ಆಗುತ್ತಿತ್ತು ಅಂತ. ಆದರೆ ಕಾರ್ಯಕ್ರಮ ಮುಗಿದು ಕಷಾಯ ಕುಡಿಯುವಾಗ, ತೋಟದ ಮನೆಯ ಹಿರಿಯ ಅಮ್ಮ ಒಬ್ಬರು ನನ್ನ ಪಕ್ಕ ಬಂದು ಕೇಳಿದರು: ‘ತಮಾ, ಮಳೆ ಬಾ ಹೇಳಿ ಕರೆಯ ರಾಗ ಕೇಳಿ ಆತು. ಸಾಕು, ಹೋಗು ಹೇಳ ರಾಗ ಯಾವ್ದಾದ್ರೂ ಇದ್ದಾ?’

ಅವರು ತಮಾಷೆಗೆ ಕೇಳಿದ್ದಲ್ಲ. ಮುಖದಲ್ಲಿ ಚಿಂತೆ ಇತ್ತು. ಆ ವಾರ ಅವರ ತೋಟದಲ್ಲಿ ಕೊಳೆ ಶುರುವಾಗಿತ್ತು. ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದೊಂದು ಕಿಲೋ. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ಅಲ್ಲಿಂದ 40-45 ದಿನಕ್ಕೆ ಇನ್ನೊಂದು ಸಲ. ಲೆಕ್ಕ ಹಾಕಿದರೆ ಎರಡನೇ ಸಲದ ಮದ್ದು ಬೀಳಬೇಕಾದದ್ದು ಪುಷ್ಯ ಮಳೆಯಲ್ಲೇ. ಅದಕ್ಕೆ ಒಂದೆರಡು ದಿನ ಮಳೆ ಬಿಟ್ಟು ಹೊಳವಾಗಬೇಕು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗಬೇಕು. ಎರಡೂ ಆಗದೆ ಇಡೀ ಊರು ಆಕಾಶ ನೋಡುತ್ತ ಕೂತ ವಾರದಲ್ಲಿ ನಾವು ಮಳೆಯನ್ನು ಕರೆಯುವ ಸಂಗೀತ ಇಟ್ಟಿದ್ದೆವು. 41 ಕುರ್ಚಿ ಯಾಕೆ ಖಾಲಿ ಇತ್ತು ಅನ್ನುವುದು ನನಗೆ ಆಗ ತಿಳಿಯಿತು.

ಗಾಯಕಿ ಆ ಮಾತನ್ನು ಕೇಳಿಸಿಕೊಂಡಿದ್ದರು. ರಾತ್ರಿ ಊಟಕ್ಕೆ ಕೂತಾಗ ಅವರು ಹೇಳಿದ ವಿಷಯ ನಮ್ಮ ಯೋಚನೆಯನ್ನೇ ತಿರುಗಿಸಿತು. ಮಲ್ಹಾರದ ಬಂದಿಶ್‌ಗಳಲ್ಲಿ ಬರುವ ಸಾವನ್ ಉತ್ತರದ ಬಯಲಿನದು. ಅಲ್ಲಿ ಮೇ, ಜೂನ್ ಅಂದರೆ ಬೆಂಕಿ. ಮುಂಗಾರು ಕೇರಳಕ್ಕೆ ಜೂನ್ 1ರ ಸುಮಾರಿಗೆ ಬಂದರೆ ದೆಹಲಿ ಮುಟ್ಟುವುದು ಜೂನ್ ಕೊನೆಗೆ. ಅಲ್ಲಿಯವರ ತಿಂಗಳು ಹುಣ್ಣಿಮೆಯ ಮರುದಿನ ಶುರುವಾಗುವುದರಿಂದ ಸಾವನ್ ನಮ್ಮ ಶ್ರಾವಣಕ್ಕಿಂತ 15 ದಿನ ಮೊದಲೇ ಬರುತ್ತದೆ. ಮೋಡ ಕಂಡರೆ ನವಿಲು ಕುಣಿಯುವುದು, ಜೋಕಾಲಿ ಕಟ್ಟುವುದು, ಪರದೇಶಕ್ಕೆ ಹೋದವನ ದಾರಿ ಕಾಯುವುದು, ಎಲ್ಲ ಆ ಬಿಡುಗಡೆಯ ಸಂತೋಷದಲ್ಲಿ ಹುಟ್ಟಿದ್ದು. ‘ನಿಮ್ಮ ಊರಲ್ಲಿ ಆ ಸಂತೋಷ ಯಾವ ವಾರದಲ್ಲಿ ಇರ್ತದ?’ ಅಂತ ಅವರು ಕೇಳಿದರು. ಊಟಕ್ಕೆ ಕೂತಿದ್ದ ಏಳು ಜನರೂ ಒಟ್ಟಿಗೆ ಹೇಳಿದೆವು: ಮೃಗಶಿರ. ಜೂನ್ ಎರಡನೇ ವಾರ. ಮೊದಲ ನಾಲ್ಕೈದು ಮಳೆ.

ಅಂದರೆ ನಮ್ಮ ರಾಗ ಸರಿ ಇತ್ತು, ಋತುವೂ ಸರಿ ಇತ್ತು. ತಪ್ಪಿದ್ದು ಆರು ವಾರ.

ಅದೇ ವರ್ಷದ ವಸಂತ

ಇದನ್ನು ಜಾಸ್ತಿ ಬೆಳೆಸುವುದಿಲ್ಲ. ಮಲ್ಹಾರಕ್ಕಿಂತ ಮೊದಲೇ, ಯುಗಾದಿಯ ಸಂಜೆ ಬಸಂತ್ ಮತ್ತು ಬಹಾರ್ ಇಟ್ಟಿದ್ದೆವು. ಪಂಚಾಂಗದ ಪ್ರಕಾರ ವಸಂತ ಋತು ಚೈತ್ರಕ್ಕೇ ಶುರು. ಆದರೆ ಬಸಂತ್, ಬಹಾರ್ ಹಾಡುವ ಕಾಲ ಮಾಘದ ವಸಂತ ಪಂಚಮಿಯಿಂದ ಹೋಳಿಯವರೆಗೆ. ಚೈತ್ರಕ್ಕೆ ಬನಾರಸ್ ಕಡೆ ಚೈತಿ ಅಂತ ಬೇರೆ ಹಾಡಿನ ಬಗೆಯೇ ಇದೆ. ನಮ್ಮಲ್ಲಿ ಯುಗಾದಿ ಹೊತ್ತಿಗೆ ಮಾವಿನ ಹೂವು ಹೋಗಿ ಮಿಡಿ ಆಗಿರುತ್ತದೆ. ಸೆಕೆ ಏರಿರುತ್ತದೆ. ಸಾಲದ್ದಕ್ಕೆ ಅದು ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಮಾರ್ಚ್ ಸುಮಾರಿಗೆ ಬರುವ ಜಾತ್ರೆಯಲ್ಲಿ ಓಡಾಡಿ ದಣಿದ ಊರು ಯುಗಾದಿಗೆ ಮನೆಯಲ್ಲಿ ಕೂರಲು ಬಯಸಿತ್ತು. ಆಗ ನಾವು ಕಾರಣ ಹುಡುಕಲಿಲ್ಲ. ಮಲ್ಹಾರದ ರಾತ್ರಿ ಆದಮೇಲೆ ಹಿಂದಿರುಗಿ ನೋಡಿದಾಗ ಅದೂ ಇದೇ ಕಾಯಿಲೆ ಅಂತ ಕಂಡಿತು.

ಪುಸ್ತಕ ಬದಿಗಿಟ್ಟು ಪಟ್ಟಿ

ಆ ಮಳೆಗಾಲದಲ್ಲೇ ನಾಲ್ಕು ಜನ ಕೂತು ಒಂದು ಪಟ್ಟಿ ಮಾಡಿದೆವು. ರಾಗದ ಪಟ್ಟಿ ಅಲ್ಲ, ಊರಿನ ವರ್ಷದ ಪಟ್ಟಿ. ಹದಿನೈದು ದಿನಕ್ಕೊಂದು ಸಾಲು. ಆಗ ಯಾವ ಮಳೆ ನಕ್ಷತ್ರ, ತೋಟದಲ್ಲಿ ಏನು ಕೆಲಸ, ಗದ್ದೆಯಲ್ಲಿ ಏನು, ಮನೆಯಲ್ಲಿ ಯಾವ ಹಬ್ಬ, ಜನರ ಮನಸ್ಸಿನಲ್ಲಿ ಏನು ಚಿಂತೆ, ಸಂಜೆ ಹೊತ್ತು ಕೈ ಖಾಲಿ ಇರುತ್ತದೆಯೋ ಇಲ್ಲವೋ. ಘಟ್ಟದ ಕೆಳಗಿನವರು ಅವರದೇ ಸಾಲು ಸೇರಿಸಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ಪೂಜೆ. ಹೋಳಿ ಸುತ್ತಮುತ್ತ ಸುಗ್ಗಿ. ಊರಿನಲ್ಲಿ ಈಗಾಗಲೇ ಯಾವಾಗ ಹಾಡು ಕೇಳಿಸುತ್ತದೆ ಅನ್ನುವುದನ್ನೂ ಬರೆದೆವು. ಯಕ್ಷಗಾನದ ಮೇಳಗಳು ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸುತ್ತವೆ, ಆಗ ಮನೆಯೊಳಗೆ ತಾಳಮದ್ದಲೆ. ಆಷಾಢ ಏಕಾದಶಿಗೆ ಅಭಂಗ, ಭಜನೆ. ಚೌತಿಗೆ ಮನೆಮನೆಯಲ್ಲಿ ಆರತಿ ಹಾಡು.

ಪಟ್ಟಿ ತುಂಬಿದ ಮೇಲೆ ಅದನ್ನೇ ನೋಡುತ್ತ ಕೂತೆವು. ನಮಗಿಂತ ಮೊದಲೇ ಊರು ತನ್ನ ಕಾಲಕ್ಕೆ ತಕ್ಕ ಸಂಗೀತವನ್ನು ಆರಿಸಿಕೊಂಡಿತ್ತು. ನಾವು ಅದನ್ನು ಕೇಳಿಯೇ ಇರಲಿಲ್ಲ.

ಬಳಗದ ಒಳಗೇ ವಿರೋಧ ಬಂತು. ಹಿರಿಯರೊಬ್ಬರು, ಒಳ್ಳೆ ಕೇಳುಗರು, ಹೇಳಿದರು: ಹೀಗೆ ಅಡಿಕೆ, ಭತ್ತ ನೋಡಿ ರಾಗ ಆರಿಸಿದರೆ ಶಾಸ್ತ್ರ ಎಲ್ಲಿ ಉಳಿಯುತ್ತದೆ? ಅವರ ಮಾತಿಗೆ ತೂಕ ಇತ್ತು. ರಾಗದ ಸಮಯವನ್ನು ಮುರಿಯುವುದಿಲ್ಲ, ಬೆಳಗಿನ ರಾಗವನ್ನು ರಾತ್ರಿ ಹಾಡಿಸುವುದಿಲ್ಲ ಅಂತ ಮಾತು ಕೊಟ್ಟೆವು. ಬದಲಾಯಿಸುವುದು ದಿನವನ್ನು, ಜಾಗವನ್ನು, ಹಾಡಿನ ಬಗೆಯನ್ನು ಮಾತ್ರ. ಕಾರವಾರದ ಕಡಲನ್ನು 1883ರಲ್ಲಿ ನೋಡಿದ ರವೀಂದ್ರನಾಥ ಠಾಕೂರರ ಉದಾಹರಣೆಯನ್ನೂ ನಾನು ಅವರಿಗೆ ಹೇಳಿದೆ. ಅವರ ಅಣ್ಣ ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಠಾಕೂರರ ಪ್ರಕೃತಿ ಗೀತೆಗಳನ್ನು ಋತುಗಳ ಪ್ರಕಾರವೇ ವಿಂಗಡಿಸಿದ್ದಾರೆ. ಅಲ್ಲಿ ಮಳೆಯ ಹಾಡುಗಳೇ ಎಷ್ಟೊಂದು. ಅದು ಬಂಗಾಳದ ಮಳೆ, ಅಲ್ಲಿಯ ನದಿ, ಅಲ್ಲಿಯ ಶರತ್ತು. ರಾಗಗಳು ನಮ್ಮವೇ, ಋತು ಅವರ ಅಂಗಳದ್ದು. ಹಿರಿಯರು ಒಪ್ಪಿದರು ಅಂತ ಹೇಳಲಾರೆ. ಒಂದು ವರ್ಷ ನೋಡೋಣ ಅಂದರು.

ಎರಡನೇ ವರ್ಷ

ಮೊದಲ ಮಳೆಗೆ ಮಲ್ಹಾರ ಅಂತಾಯಿತು. ಆದರೆ ಮೊದಲ ಮಳೆ ದಿನಾಂಕ ಹೇಳಿ ಬರುವುದಿಲ್ಲ. ಹೊರಗಿನ ಕಲಾವಿದರಿಗೆ ‘ಮಳೆ ಬಿದ್ದ ಮೂರನೇ ದಿನ ಬನ್ನಿ’ ಅನ್ನಲಾಗುವುದಿಲ್ಲ ಅಲ್ವಾ? ಹಾಗಾಗಿ ನಮ್ಮ ತಾಲೂಕಿನಲ್ಲೇ ಇರುವ ಒಬ್ಬ ಯುವ ಗಾಯಕನನ್ನು ಕೇಳಿದೆವು. ಅವನು ಸಂತೋಷದಿಂದ ಒಪ್ಪಿದ. ಮಿಯಾಂ ಮಲ್ಹಾರ್ ಬಿಟ್ಟು ಗೌಡ ಮಲ್ಹಾರ್ ತೆಗೆದುಕೊಂಡೆವು. ಶುದ್ಧ ಗಾಂಧಾರದ ರಾಗ, ಮಧ್ಯಲಯದಲ್ಲಿ ಚೆನ್ನಾಗಿ ಅರಳುತ್ತದೆ. ಮೊದಲ ಮಳೆಯ ಹಗುರ ಅದರಲ್ಲಿ ಸಹಜವಾಗಿ ಇದೆ. ಸಭಾಭವನ ಬಿಟ್ಟು ಹಳೆಯ ಹಂಚಿನ ಮನೆಯ ಜಗಲಿಗೆ ಬಂದೆವು. ತಬಲಾವನ್ನು ಮಧ್ಯಾಹ್ನದಿಂದಲೇ ಬಚ್ಚಲ ಒಲೆಯ ಬೆಚ್ಚಗಿನ ಕೋಣೆಯಲ್ಲಿ, ಒಲೆಯಿಂದ ದೂರ, ಬಟ್ಟೆ ಸುತ್ತಿ ಇಟ್ಟಿದ್ದೆವು.

ಆ ವರ್ಷ ಮಳೆ ತಡವಾಯಿತು. ಎರಡು ಸಲ ಮೋಡ ಕಟ್ಟಿ ಹೋಯಿತು. ಜನ ಫೋನ್ ಮಾಡಿ ‘ಇವತ್ತಾ?’ ಅಂತ ಕೇಳತೊಡಗಿದರು. ಬೈಠಕ್ಕಿಗೆ ಜನ ಕಾಯುವುದನ್ನು ಮಾಸ್ತರು ಹೋದ ಮೇಲೆ ನಾನು ಮೊದಲ ಸಲ ನೋಡಿದ್ದು ಆಗ. ಮಳೆ ಬಂದ ಮಾರನೇ ಸಂಜೆ ಜಗಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮಣ್ಣಿನ ಪರಿಮಳ ಇನ್ನೂ ಅಂಗಳದಲ್ಲೇ ಇತ್ತು.

ಇನ್ನು ಆ ಅಮ್ಮ ಕೇಳಿದ ಪ್ರಶ್ನೆ. ಜಡಿಮಳೆಯ ಕಾಲಕ್ಕೆ ಏನು? ಮಳೆ ಹೋಗು ಅನ್ನುವ ರಾಗ ನಮಗೆ ಸಿಗಲಿಲ್ಲ. ಆದರೆ ಪಟ್ಟಿಯಲ್ಲಿ ಉತ್ತರ ಇತ್ತು. ಆ ದಿನಗಳಲ್ಲಿ ಜನ ಒಬ್ಬರು ಹಾಡುವುದನ್ನು ಕೂತು ಕೇಳುವುದಕ್ಕಿಂತ ಒಟ್ಟಿಗೆ ಹಾಡುತ್ತಾರೆ. ಆಷಾಢ ಏಕಾದಶಿಯ ಸಂಜೆ ಅಭಂಗ ಮತ್ತು ದಾಸರ ಪದ ಇಟ್ಟೆವು. ಗಾಯಕ ಒಂದು ಸಾಲು ಹಾಡುವುದು, ಉಳಿದವರು ತಿರುಗಿ ಹೇಳುವುದು. ಭೀಮಸೇನ ಜೋಶಿಯವರ ಸಂತವಾಣಿ ಕೇಳಿ ಬೆಳೆದವರು ನಮ್ಮಲ್ಲಿ ಮನೆಗೊಬ್ಬರು. ವಿಠಲ ಅಂದ ತಕ್ಷಣ ಮರಾಠಿಯೂ ಕನ್ನಡವೂ ಒಂದೇ ಆಗುತ್ತದೆ. ಮಳೆ ಎಷ್ಟು ಜೋರಾದರೂ ತೊಂದರೆ ಆಗಲಿಲ್ಲ. 50 ಜನ ತಾಳ ಹಿಡಿದು ಹಾಡುವಾಗ ತಗಡಿನ ಸದ್ದೂ ಅದರಲ್ಲಿ ಸೇರಿಕೊಂಡಿತು. ಹೋದ ವರ್ಷ ನಮ್ಮನ್ನು ಸೋಲಿಸಿದ ಅದೇ ಸಭಾಭವನ ಅದು. ಬೇಕೆಂದೇ ಅಲ್ಲಿ ಇಟ್ಟೆವು. ಆ ಅಮ್ಮ ಮುಂದಿನ ಸಾಲಿನಲ್ಲಿ ಕೂತು ಪೂರ್ತಿ ಹಾಡಿದರು.

ದೀಪಾವಳಿಗೆ ಇಟ್ಟದ್ದು ಮಾತ್ರ ಸೋತಿತು. ನಮ್ಮ ಕಡೆ ಅದು ದೊಡ್ಡಹಬ್ಬ. ಗೋಪೂಜೆ, ಕೊಟ್ಟಿಗೆ, ಬಂದ ನೆಂಟರು, ಹೋಳಿಗೆ. ಒಂಬತ್ತು ಜನ ಬಂದರು. ಪಟ್ಟಿಯಲ್ಲಿ ‘ಕೈ ಖಾಲಿ ಇಲ್ಲ’ ಅಂತ ನಾವೇ ಬರೆದಿದ್ದೆವು. ಆದರೂ ದೊಡ್ಡ ಹಬ್ಬಕ್ಕೆ ಏನೂ ಇಡದಿದ್ದರೆ ಹೇಗೆ ಅನ್ನುವ ಆಸೆಗೆ ಬಿದ್ದೆವು. ಅದನ್ನು ಈಗ ಕೈಬಿಟ್ಟಿದ್ದೇವೆ. ಚೌತಿಗೂ ಅಷ್ಟೇ. ಹಂಸಧ್ವನಿ ಹಾಡಿಸಬೇಕು ಅನ್ನುವ ಆಸೆ ಇದ್ದರೆ ಚೌತಿ ಕಳೆದ ಮುಂದಿನ ಭಾನುವಾರ ಸಂಜೆ ಹಾಡಿಸಬಹುದು. ಹಬ್ಬದ ಗುಂಗು ಆಗಲೂ ಮನೆಯಲ್ಲಿ ಇರುತ್ತದೆ, ಅಡಿಗೆಮನೆಯಲ್ಲಿದ್ದ ಹೆಂಗಸರು ಆಗ ಬಂದು ಕೂರುತ್ತಾರೆ. ಇದು ನನಗೆ ಮುಖ್ಯ ಅನ್ನಿಸುತ್ತದೆ. ಹಬ್ಬದ ದಿನ ಇಟ್ಟ ಕಛೇರಿಗಳಲ್ಲಿ ಕೇಳುಗರಲ್ಲಿ ಹೆಚ್ಚಿನವರು ಗಂಡಸರೇ ಇದ್ದರು. ಯಾಕೆ ಅಂತ ನಾವು ವರ್ಷಗಟ್ಟಲೆ ಕೇಳಿಕೊಂಡೇ ಇರಲಿಲ್ಲ.

ವಸಂತದ ಬೈಠಕ್ ಯುಗಾದಿಯಿಂದ ಹೋಳಿ ಹುಣ್ಣಿಮೆಗೆ ಬಂತು, ಘಟ್ಟದ ಕೆಳಗೆ ಕುಮಟಾ ಕಡೆಯ ಒಂದು ಮನೆಗೆ. ಆ ದಿನಗಳಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡ ಮನೆಮನೆಗೆ ಬರುತ್ತದೆ. ತಲೆಯ ಮೇಲೆ ತುರಾಯಿ, ಕೈಯಲ್ಲಿ ಕೋಲು, ಗುಮಟೆ ವಾದ್ಯದ ಪೆಟ್ಟು. ಅವರನ್ನು ನಮ್ಮ ವೇದಿಕೆಗೆ ಕರೆಯೋಣ ಅಂತ ಕೆಲವರು ಹೇಳಿದರು. ಮನೆಯ ಯಜಮಾನರು ಬೇಡ ಅಂದರು. ಸುಗ್ಗಿ ಅವರ ವ್ರತ, ಅವರ ದಾರಿಯಲ್ಲಿ ಅವರು ಬರುತ್ತಾರೆ, ಬಂದಾಗ ನಾವು ನಮ್ಮ ಹಾಡು ನಿಲ್ಲಿಸಿದರೆ ಆಯಿತು. ಹಾಗೇ ಮಾಡಿದೆವು. ಸಂಜೆ ಬಸಂತ್ ಆಗಿ, ಕಾಫಿ ರಾಗದಲ್ಲಿ ಹೋರಿ, ಅಂದರೆ ಹೋಳಿಯ ಹಾಡು, ಶುರುವಾಗಿತ್ತು. ದೂರದಿಂದ ಗುಮಟೆ ಕೇಳಿಸಿತು. ಗಾಯಕ ತಾನಾಗೇ ನಿಲ್ಲಿಸಿ, ತಂಬೂರಿ ಕೆಳಗಿಟ್ಟು, ಎಲ್ಲರ ಜೊತೆ ಅಂಗಳಕ್ಕೆ ಬಂದ. ಕುಣಿತ ಮುಗಿದು, ಅಕ್ಕಿ ಕಾಯಿ ಕೊಟ್ಟು ಕಳಿಸಿದ ಮೇಲೆ ಮತ್ತೆ ಕೂತು ಅದೇ ಹೋರಿಯನ್ನು ಇನ್ನೂ ಸ್ವಲ್ಪ ಚುರುಕಾದ ಲಯದಲ್ಲಿ ಎತ್ತಿಕೊಂಡ. ವಸಂತ ಇಲ್ಲಿ ಯಾವಾಗ ಬರುತ್ತದೆ ಅನ್ನುವುದಕ್ಕೆ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಮಾಸ್ತರ ಪುಣ್ಯತಿಥಿ

ಈ ಎಲ್ಲದರಲ್ಲಿ ಕಷ್ಟದ ನಿರ್ಧಾರ ಇದೇ ಆಗಿತ್ತು. ಮಾಸ್ತರು ತೀರಿಕೊಂಡದ್ದು ಮಾರ್ಗಶಿರದಲ್ಲಿ. ವರ್ಷವೂ ಅವರ ನೆನಪಿಗೆ ಒಂದು ಬೈಠಕ್ ಇಡುತ್ತಿದ್ದೆವು. ನೆನಪಿನ ದಿನ ಅಂದ ಮೇಲೆ ಜೋಗಿಯಾ, ಶಿವರಂಜನಿ, ಕರುಣೆಯ ರಾಗ ಅಂತ ನಮಗೆ ನಾವೇ ತೀರ್ಮಾನ ಮಾಡಿಕೊಂಡಿದ್ದೆವು. ಜನ ಬರುತ್ತಲೇ ಇರಲಿಲ್ಲ. ಮಾಸ್ತರನ್ನು ಮರೆತರಲ್ಲ ಅಂತ ನಮಗೆ ನೋವಾಗುತ್ತಿತ್ತು. ಅವರ ಮನೆಯವರಿಗೂ.

ಪಟ್ಟಿ ತೆಗೆದು ನೋಡಿದರೆ ಕಾರಣ ಕಣ್ಣಿಗೆ ಹೊಡೆಯುವ ಹಾಗಿತ್ತು. ಮಾರ್ಗಶಿರ ಅಂದರೆ ಅಡಿಕೆ ಗೊನೆಯ ಕೊಯ್ಲು. ಹಗಲು ಕೊಯ್ದ ಹಸಿ ಅಡಿಕೆಯನ್ನು ಸಂಜೆಯಿಂದ ರಾತ್ರಿ ಹತ್ತು ಹನ್ನೊಂದರವರೆಗೆ ಕೂತು ಸುಲಿಯಬೇಕು. ಊರಿಗೆ ಊರೇ ಮೆಟ್ಟುಗತ್ತಿಯ ಮುಂದೆ ಕೂತಿರುತ್ತದೆ.

ಮಾಸ್ತರ ಮನೆಗೆ ಹೋಗಿ ಅವರ ಹೆಂಡತಿಯ ಹತ್ತಿರ ಮಾತಾಡಿದೆ. ಅವರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ಯಾವ ರಾಗ ಇಡೋಣ ಅಕ್ಕ ಅಂತ ಕೇಳಿದೆ. ಮಾಸ್ತರು ಅಳುವ ರಾಗವನ್ನು ಯಾವತ್ತೂ ಕೇಳಿದವರಲ್ಲ ಅಂದರು. ಅಡಿಕೆ ಸುಲಿಯುವಾಗ ಪಕ್ಕದಲ್ಲಿ ರೇಡಿಯೊ, ಧಾರವಾಡ ಆಕಾಶವಾಣಿ. ಬಾಗೇಶ್ರೀ ಬಂದರೆ ಕತ್ತಿ ನಿಲ್ಲುತ್ತಿತ್ತು. 1950ರಲ್ಲಿ ಶುರುವಾದ ಆ ನಿಲಯವೇ ಅವರ ಮೊದಲ ಗುರು ಅಂತ ಮಾಸ್ತರು ಹೇಳುತ್ತಿದ್ದದ್ದು ನನಗೂ ನೆನಪಾಯಿತು. ಅಕ್ಕ ಮುಂದುವರಿದು, ಸುಮ್ನೆ ಸಭಾಭವನಕ್ಕೆ ಯಾಕೆ, ಇಲ್ಲೇ ಚಪ್ಪರದಲ್ಲಿ ಮಾಡಿ ಅಂದರು.

ಹುಬ್ಬಳ್ಳಿಯ ಅದೇ ಗಾಯಕಿಯನ್ನು ಕೇಳಿದೆವು. ಅವರು ಮೊದಲು ಬೇಡ ಅಂದರು. ಜನ ಕೆಲಸ ಮಾಡುತ್ತಿರುವಾಗ ಹಿಂದೆ ಸದ್ದು ಮಾಡಲಿಕ್ಕೆ ನಾನು ಬರುವುದಿಲ್ಲ, ಹಾಡುವಾಗ ಕೆಲಸ ನಿಲ್ಲಿಸಲಿ ಅಂದರು. ನ್ಯಾಯದ ಮಾತು. ಆದರೆ ಸುಲಿಯಲು ಬರುವವರಿಗೆ ಸುಲಿದಷ್ಟಕ್ಕೆ ಕೂಲಿ. ಎರಡು ಗಂಟೆ ನಿಲ್ಲಿಸಿ ಅಂದರೆ ಅವರ ಆ ರಾತ್ರಿಯ ದುಡಿಮೆ ಹೋಯಿತು. ಕೂಲಿ ನಾವೇ ತುಂಬಿ ಕೊಡೋಣ ಅಂತಲೂ ಯೋಚಿಸಿದೆವು. ಅಕ್ಕ ಒಪ್ಪಲಿಲ್ಲ. ದುಡ್ಡು ಕೊಟ್ಟು ಕೂರಿಸಿದರೆ ಅದು ಬೈಠಕ್ ಆಗುವುದಿಲ್ಲ ಅಂದರು. ಇದನ್ನೆಲ್ಲ ಗಾಯಕಿಗೆ ಹಾಗೇ ಹೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬರುತ್ತೇನೆ ಅಂದರು. ಎರಡು ಷರತ್ತು. ಮೈಕ್ ಬೇಡ. ರಾಗಗಳ ಕ್ರಮ ಅವರದು.

ಕೆಲಸದ ಜಾಗಕ್ಕೆ ವೇಗದ ದ್ರುತ್ ಲಯ ಹೊಂದುತ್ತದೆ, ನಿಧಾನದ ವಿಲಂಬಿತ್ ಬೇಡ ಅಂತ ನಾನು ಸಲಹೆ ಕೊಟ್ಟಿದ್ದೆ. ಅವರು ಕೇಳಲಿಲ್ಲ. ಅವರೇ ಸರಿ. ದ್ರುತ್ ಬಂದಾಗ ಕತ್ತಿಯ ಸದ್ದು ತಬಲಾದ ಲಯಕ್ಕೆ ತಾಗಿ ಕಿರಿಕಿರಿ ಆಗುತ್ತಿತ್ತು. ಆಲಾಪದಲ್ಲಿ, ವಿಲಂಬಿತ್‌ನಲ್ಲಿ ಹಾಗಾಗಲಿಲ್ಲ. ಪ್ರತಿ ಕೈಗೂ ಅದರದ್ದೇ ಓಟ ಇರುತ್ತದೆ. ನಿಧಾನದ ಸಂಗೀತ ಅದಕ್ಕೆಲ್ಲ ಜಾಗ ಬಿಡುತ್ತದೆ. ಇನ್ನು ಮುಂದೆ ಚಪ್ಪರದ ಬೈಠಕ್ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಸಂಜೆ ಆರಕ್ಕೆ, ಬೆಳಕು ಮುಳುಗುವಾಗ, ಮಾಸ್ತರ ಪಟದ ಮುಂದೆ ಶ್ರೀ ರಾಗ. ಹೇಮಂತಕ್ಕೂ ಸಲ್ಲುತ್ತದೆ, ಆ ಹೊತ್ತಿಗೂ ಸಲ್ಲುತ್ತದೆ. ಆಗ ಮನೆಯವರು, ನಾವು ನಾಲ್ಕು ಜನ ಅಷ್ಟೇ. ಒಬ್ಬೊಬ್ಬರೇ ಬಂದು ಮೆಟ್ಟುಗತ್ತಿ ಇಟ್ಟುಕೊಂಡು ಕೂತರು. ಎಂಟೂವರೆ ಹೊತ್ತಿಗೆ ಚಪ್ಪರದಲ್ಲಿ 30ಕ್ಕೂ ಜಾಸ್ತಿ ಜನ, ಅಂಚಿನಲ್ಲಿ ಪಕ್ಕದ ಮನೆಗಳಿಂದ ಅಡಿಕೆ ಬುಟ್ಟಿ ಹೊತ್ತುಕೊಂಡೇ ಬಂದವರು. ಬಾಗೇಶ್ರೀ ಒಂದೂವರೆ ಗಂಟೆ ನಡೆಯಿತು. ಯಾರನ್ನೂ ಸುಮ್ಮನಿರಿ ಅನ್ನಬೇಕಾಗಲಿಲ್ಲ. ಹತ್ತೂವರೆಗೆ ಮಾಲಕಂಸಕ್ಕೆ ಅಂತ ಗಾಯಕಿ ತಂಬೂರಿಯ ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಇಳಿಸಿದರು. ಮಾಲಕಂಸದಲ್ಲಿ ಪಂಚಮ ಇಲ್ಲವಲ್ಲ. ಆ ತಂತಿ ಇಳಿಯುವಾಗ ಚಪ್ಪರದ ಬಣ್ಣವೇ ಬದಲಾದ ಹಾಗಾಯಿತು. ಸುಲಿಯುತ್ತಿದ್ದ ಹೆಂಗಸರಲ್ಲಿ ಮೂರ್ನಾಲ್ಕು ಜನ ತಲೆ ಎತ್ತಿದರು. ಕತ್ತಿಗಳು ನಿಂತವು. ಅದು ಅವರಾಗಿಯೇ ನಿಲ್ಲಿಸಿದ್ದು. ಐದು ನಿಮಿಷ ಇರಬಹುದು. ಆಮೇಲೆ ಒಂದೊಂದಾಗಿ ಮತ್ತೆ ಶುರುವಾದವು, ಮೊದಲಿಗಿಂತ ಮೆತ್ತಗೆ.

ವಿರೋಧ ಮಾಡಿದ್ದ ಹಿರಿಯರು ಆ ರಾತ್ರಿ ಕೊನೆವರೆಗೂ ಇದ್ದರು. ಅವರೂ ಒಂದು ಮೆಟ್ಟುಗತ್ತಿ ಹಿಡಿದಿದ್ದರು.

ಹನ್ನೊಂದೂವರೆಗೆ ಎಲ್ಲ ಮುಗಿಯಿತು. ಕಾಫಿ ಕುಡಿಯುವಾಗ ಪಕ್ಕದ ಊರಿನ ಒಬ್ಬ ತೋಟದವರು ಹತ್ತಿರ ಬಂದು ಕೇಳಿದರು: ‘ನಂಗ್ಳ ಮನೆ ಕೊಯ್ಲು ಸಂಕ್ರಾಂತಿ ಆದಮೇಲೆ. ಆವಾಗ ಬತ್ರಾ?’ ಸಂಕ್ರಾಂತಿ ಕಳೆದರೆ ಮಾಘ ಹತ್ತಿರ, ಶಿಶಿರ. ನಾನು ಪಟ್ಟಿಯ ಪುಸ್ತಕ ತೆಗೆದು, ಆ ಸಾಲಿನಲ್ಲಿ ಅವರ ಮನೆಯ ಹೆಸರು ಬರೆದುಕೊಂಡೆ. ದಿನಾಂಕದ ಜಾಗ ಖಾಲಿ ಬಿಟ್ಟೆ. ಕೊಯ್ಲು ಶುರುವಾದ ದಿನ ಅವರು ಫೋನ್ ಮಾಡುತ್ತಾರೆ.